ಕಾಲೇಜಿನ ಹೆಸರಿಗೆ ಎಷ್ಟು ಬೆಲೆ? ಕೊಳ್ಳೇಗಾಲ ಸೀಮೆಯಿಂದ ನೋಡಿದ ಒಂದು ಚರಿತ್ರೆ

ಕಳೆದ ವರ್ಷ ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾಗಿದ್ದ ವಾರ. ರಾತ್ರಿ ಒಂಬತ್ತರ ಹೊತ್ತಿಗೆ ಹನೂರಿನಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. "ಅಣ್ಣ, ಚಾಮರಾಜನಗರದ ಸರ್ಕಾರಿ ಕಾಲೇಜ್ ಮೊದ್ಲು ಹಾಕ್ಲಾ, ಬೆಂಗಳೂರಿಂದು ಮೊದ್ಲು ಹಾಕ್ಲಾ?" ನಾನು ಉತ್ತರಿಸುವ ಮುಂಚೆಯೇ ಚಿಕ್ಕಪ್ಪ ಫೋನ್ ಇಸಿದುಕೊಂಡರು. "ಹೆಸರಿರೋ ಕಾಲೇಜಲ್ಲಿ ಓದಿದ್ರೆ ಸಂಬಳ ಜಾಸ್ತಿ ಕೊಡ್ತಾರಂತಲ್ಲ, ನಿಜವಾ ಕನಪ್ಪ? ನಿಜ ಅಂದ್ರೆ ದುಡ್ಡು ಕೊಟ್ಟಾದ್ರೂ ಅಂತಾ ಕಡೆ ಸೇರುಸ್ಬುಡನ. ತೋಟದ ಮ್ಯಾಲೆ ಸಾಲ ಎತ್ತುದ್ರಾಯ್ತು."

ತೋಟ ಎಂದರೆ ಎರಡು ಎಕರೆ ಹಿಪ್ಪುನೇರಳೆ. ರೇಷ್ಮೆಗೂಡಿನ ಬೆಲೆ ಬಿದ್ದ ವರ್ಷವೂ ಆ ಮನೆಯನ್ನು ಹಿಡಿದು ನಿಲ್ಲಿಸಿದ್ದು ಅದೇ. ನಾನು ಓದುತ್ತಿರುವುದು ಚರಿತ್ರೆ, ಮನೆಯವರಿಗೆ ಪಿಎಚ್.ಡಿ. ಮಾಡುವವನೆಂದರೆ ಎಲ್ಲ ಗೊತ್ತಿರುವವನು. ಒಂದು ದಿನ ಸಮಯ ಕೇಳಿ ಫೋನ್ ಇಟ್ಟೆ. ಆಮೇಲೆ ಹೊಳೆದದ್ದು: ಚಿಕ್ಕಪ್ಪನ ಪ್ರಶ್ನೆ ಸಂಬಳದ್ದಾದರೂ ಅದಕ್ಕೆ ನೂರೈವತ್ತು ವರ್ಷಗಳ ಚರಿತ್ರೆಯಿದೆ. ಅದರ ಕೆಲವು ಮುಖ್ಯ ಘಟನೆಗಳು ನಡೆದದ್ದೋ, ನೇರವಾಗಿ ತಟ್ಟಿದ್ದೋ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನೇ.

ಕೊಳ್ಳೇಗಾಲದ ಬಗಲಲ್ಲೇ ಇರುವ ಶಿವನಸಮುದ್ರದಿಂದ ಶುರು ಮಾಡೋಣ. ಕಾವೇರಿ ಇಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತಾಳೆ. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಯೋಜನೆಗೆ ಬೆನ್ನಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ವಿದ್ಯುತ್ತು ಹರಿದಾಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ, ಪೂರ್ಣಯ್ಯನವರ ವಂಶದವರು, ನಮ್ಮ ಯಳಂದೂರಿನ ಜಹಗೀರುದಾರರು. ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಗಳಿಂದ. ಯೋಜನೆಯ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್, ಕೆನಡಾದ ಕಿಂಗ್‌ಸ್ಟನ್ನಿನ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ಓದಿ, ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ಪಡೆ ಸೇರಿ ಮೈಸೂರಿಗೆ ಬಂದವರು.

ನೀರು ಇಲ್ಲಿಯದು, ಕಲ್ಲು ಹೊತ್ತ ಬೆನ್ನುಗಳು ಇಲ್ಲಿಯವು, ನಕ್ಷೆ ಬರೆಯುವವರು ಮಾತ್ರ ಹೊರಗಿನವರು. ಇದನ್ನು ಬರೀ ವಿದ್ಯೆಯ ಕೊರತೆ ಎಂದುಕೊಳ್ಳುವಂತಿಲ್ಲ. ಭಾರತದಲ್ಲಿ ಆಗಲೇ ಎಂಜಿನಿಯರಿಂಗ್ ಕಾಲೇಜುಗಳಿದ್ದವು. 1794ರ ಸರ್ವೇ ಶಾಲೆಯಿಂದ ಬೆಳೆದ ಮದ್ರಾಸಿನ ಕಾಲೇಜು (ಅದು ಗಿಂಡಿಗೆ ಹೋದದ್ದು 1920ರಲ್ಲಿ), 1847ರ ರೂರ್ಕಿ, 1854ರ ಪುಣೆ, 1856ರ ಕಲ್ಕತ್ತೆ. ಆದರೂ 1870ರ ದಶಕದ ಆರಂಭದಲ್ಲಿ ಭಾರತ ಸರ್ಕಾರದ ಲೋಕೋಪಯೋಗಿ ಇಲಾಖೆಗೆಂದೇ ಇಂಗ್ಲೆಂಡಿನಲ್ಲಿ ಕೂಪರ್ಸ್ ಹಿಲ್ ಎಂಬ ಇನ್ನೊಂದು ಕಾಲೇಜು ತೆರೆದರು. ವರ್ಷಕ್ಕೆ 150 ಪೌಂಡ್ ಶುಲ್ಕ. ಅಲ್ಲಿ ಓದಿ ಮುಗಿಸಿದವರಿಗೆ ಭಾರತದಲ್ಲಿ ಮೇಲ್ದರ್ಜೆಯ ಹುದ್ದೆಗಳು ಕಾದಿರುತ್ತಿದ್ದವು. ರೂರ್ಕಿ, ಪುಣೆ, ಮದ್ರಾಸಿನಲ್ಲಿ ಓದಿದವರಿಗೆ ವರ್ಷಕ್ಕೆ ಬೆರಳೆಣಿಕೆಯ 'ಖಾತರಿ ಹುದ್ದೆ'ಗಳು.

ಎಚಿಸನ್ ಆಯೋಗದ (1886–87) ನಂತರ, 1890ರ ದಶಕದಲ್ಲಿ, ಈ ಭೇದ ನಿಯಮವಾಗಿಯೇ ಬಂತು. ಇಲಾಖೆಯ ಎಂಜಿನಿಯರುಗಳು ಎರಡು ಪಂಕ್ತಿಯಾದರು. ವಿಲಾಯತಿಯಲ್ಲಿ ಆಯ್ಕೆಯಾದವರು 'ಇಂಪೀರಿಯಲ್' ಸೇವೆಗೆ, ಇಲ್ಲಿನ ಕಾಲೇಜುಗಳಿಂದ ಬಂದವರು 'ಪ್ರಾವಿನ್ಶಿಯಲ್' ಸೇವೆಗೆ. ಕೆಲಸ ಅದೇ ಕಾಲುವೆ, ಅದೇ ಸೇತುವೆ. ಎರಡನೆಯವರ ಸಂಬಳ ಮಾತ್ರ ಮೊದಲನೆಯವರದ್ದರ ಸುಮಾರು ಮೂರರಲ್ಲಿ ಎರಡು ಪಾಲು.

ಇವತ್ತು 'ಟಿಯರ್ ಒನ್', 'ಟಿಯರ್ ಟೂ' ಎಂದು ಕಾಲೇಜುಗಳನ್ನು ವಿಂಗಡಿಸುವ ಕಂಪನಿಗಳ ಪಟ್ಟಿ ಕಂಡಾಗಲೆಲ್ಲ ನನಗೆ ಈ ಎರಡು ಪಂಕ್ತಿ ನೆನಪಾಗುತ್ತದೆ. ಕಂಪನಿಗಳದ್ದು ಮಾರುಕಟ್ಟೆಯ ಲೆಕ್ಕಾಚಾರ ಎನ್ನಬಹುದು. ಆದರೆ ನಮ್ಮ ನಾಡಿನಲ್ಲಿ ಕಾಲೇಜಿನ ಹೆಸರಿಗೂ ಸಂಬಳಕ್ಕೂ ನಂಟು ಬೆಳೆದದ್ದರಲ್ಲಿ ಸರ್ಕಾರದ ನಿಯಮದ ಪಾತ್ರ ದೊಡ್ಡದು. ಯಾರು ಹೆಚ್ಚು ಕಲಿತರು ಎಂದು ಅಳೆದು ನೋಡಿ ಆಮೇಲೆ ಕೊಟ್ಟ ಬೆಲೆಯಲ್ಲ ಅದು.

ಈ ವ್ಯವಸ್ಥೆಯಲ್ಲಿ ಗೆದ್ದ ಕನ್ನಡಿಗರೆಂದರೆ ನಮಗೆ ನೆನಪಾಗುವವರು ವಿಶ್ವೇಶ್ವರಯ್ಯ. ಮುದ್ದೇನಹಳ್ಳಿಯ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳಿಸಿತು. 1883ರ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ಸ್ಥಾನ, ಮರುವರ್ಷ ಮುಂಬಯಿ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ. ಈ ಕಥೆಯನ್ನು ನಾವು ಪ್ರತಿಭೆಯ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ, ಅದು ಸುಳ್ಳೂ ಅಲ್ಲ. ಆದರೆ ಆ ಪ್ರತಿಭೆ ದಡ ಸೇರಲು ಎರಡು ಆಸರೆ ಬೇಕಾದವು: ಶುಲ್ಕ ಕಟ್ಟಿದ ಒಂದು ವಿದ್ಯಾರ್ಥಿವೇತನ, ಓದು ಮುಗಿಸಿದ ಕೂಡಲೇ ಕೆಲಸಕ್ಕೆ ಕರೆದ ಒಂದು ಸರ್ಕಾರ. ಅಷ್ಟಾಗಿಯೂ 1908ರ ಹೊತ್ತಿಗೆ ಅವರು ಮುಂಬಯಿಯ ಸೇವೆ ಬಿಟ್ಟರು. ಇಲಾಖೆಯ ತುದಿಯ ಕುರ್ಚಿ ಭಾರತೀಯನೊಬ್ಬನಿಗೆ ಸಿಗುವ ಕಾಲ ಅದಾಗಿರಲಿಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಇವತ್ತು ಯುವಿಸಿಇ ಎಂದು ಅವರ ಹೆಸರಲ್ಲೇ ಇರುವುದು ಆ ಕಾಲೇಜು.

ಅದರ ಮಹತ್ವ ಪಾಠಪಟ್ಟಿಯಲ್ಲಷ್ಟೇ ಇರಲಿಲ್ಲ. ಸಂಸ್ಥಾನದ ಬಳಿ ಕಾಲೇಜೂ ಇತ್ತು, ಕೆಲಸ ಕೊಡುವ ಇಲಾಖೆಗಳೂ ಇದ್ದವು: ಲೋಕೋಪಯೋಗಿ, ವಿದ್ಯುತ್, ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಓದಿದವನಿಗೆ ಹೋಗಲೊಂದು ಜಾಗವಿತ್ತು. ಹೊಸ ಕಾಲೇಜಿನ ಹೆಸರಿಗೆ ಬೆಲೆ ಬರಲು ಇದೂ ಒಂದು ಮುಖ್ಯ ಕಾರಣ. ಆ ಕೆಲಸಗಳು ಯಾರಿಗೆ ಎಂಬ ಪ್ರಶ್ನೆಯೂ ಬೆನ್ನಿಗೇ ಎದ್ದಿತು. ಸಂಸ್ಥಾನದ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂಬ ದೂರಿನ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಈ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯ ಅದೇ ವರ್ಷ ದಿವಾನಗಿರಿ ಬಿಟ್ಟರು. ಕಾಲೇಜು ಕಟ್ಟಿದವರೇ ಅದರ ಫಲದ ಹಂಚಿಕೆಯಲ್ಲಿ ಇನ್ನೊಂದು ಕಡೆ ನಿಂತರು. ಇವೆರಡನ್ನೂ ಒಟ್ಟಿಗೆ ನೆನಪಿಡಬೇಕು.

ಈ ಕಾಲೇಜು ಹುಟ್ಟಿದಾಗ ನಮ್ಮ ಸೀಮೆ ಎಲ್ಲಿತ್ತು? ಉತ್ತರ ಎರಡು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1807ರಲ್ಲಿ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು ಅದು. ಅಲ್ಲಿಂದ ಹದಿನೈದು ಕಿಲೋಮೀಟರ್ ಆಸುಪಾಸಿನ ಕೊಳ್ಳೇಗಾಲ, ಅದಕ್ಕೆ ಸೇರಿದ್ದ ಹನೂರು ಸಮೇತ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರವರೆಗೂ ಹಾಗೆಯೇ. ಎರಡೂ ಕಡೆ ಒಂದೇ ಕನ್ನಡ, ಒಂದೇ ಮಂಟೇಸ್ವಾಮಿ, ಒಂದೇ ಮಾದಪ್ಪ. ಯಳಂದೂರಿನ ಹುಡುಗನಿಗೆ ಬೆಂಗಳೂರಿನದು ತನ್ನ ಸಂಸ್ಥಾನದ ಕಾಲೇಜು. ಕೊಳ್ಳೇಗಾಲದ ಹುಡುಗನಿಗೆ ತನ್ನ ಸರ್ಕಾರದ ಕಾಲೇಜೆಂದರೆ ದಿಂಬಂ ಘಟ್ಟ ಇಳಿದು, ಸತ್ಯಮಂಗಲ ದಾಟಿ, ಕೊಯಮತ್ತೂರಿನಿಂದ ರೈಲು ಹತ್ತಿ ತಲುಪಬೇಕಾದ ಮದ್ರಾಸಿನ ಗಿಂಡಿ. 1945ರಲ್ಲಿ ಕೊಯಮತ್ತೂರಿನಲ್ಲೇ ಒಂದು ಎಂಜಿನಿಯರಿಂಗ್ ಕಾಲೇಜು ಶುರುವಾದಾಗ ದಾರಿ ಸ್ವಲ್ಪ ಗಿಡ್ಡವಾಯಿತು.

ಹುಡುಗಿಯರ ಮಾತು ಬೇರೆಯೇ. ಗಿಂಡಿಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1940ರಲ್ಲಿ. ಹದಿನೆಂಟರ ಹರೆಯಕ್ಕೇ ವಿಧವೆಯಾಗಿದ್ದ ಎ. ಲಲಿತಾ ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1943ರಲ್ಲಿ ಪದವಿ ಪಡೆದರು. ನನ್ನ ತಂಗಿಯಂಥವರು ಇಂದು ಸಹಜವಾಗಿ ಕೇಳುವ "ಯಾವ ಕಾಲೇಜು?" ಎಂಬ ಪ್ರಶ್ನೆಗೆ ಇನ್ನೂ ನೂರು ವರ್ಷ ತುಂಬಿಲ್ಲ.

ಸೀಟಿನ ಬೆಲೆ ಎಷ್ಟೆಂದು ತಿಳಿಯಲು ಒಂದು ಒಳ್ಳೆಯ ದಾರಿ, ಅದಕ್ಕಾಗಿ ಯಾರು ಕೋರ್ಟಿಗೆ ಹೋದರು ಎಂದು ನೋಡುವುದು. 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಚಂಪಕಂ ದೊರೈರಾಜನ್ ಪ್ರಕರಣದ ತೀರ್ಪು ಕೊಟ್ಟಿತು. ಮೆಡಿಕಲ್ ಸೀಟಿನ ಆ ಅರ್ಜಿಯ ಜೊತೆಗೇ ಇತ್ಯರ್ಥವಾದ ಇನ್ನೊಂದು ಅರ್ಜಿ ಮದ್ರಾಸಿನ ಎಂಜಿನಿಯರಿಂಗ್ ಸೀಟಿಗೆ ಸಂಬಂಧಿಸಿದ್ದು, ಅರ್ಜಿದಾರ ಸಿ.ಆರ್. ಶ್ರೀನಿವಾಸನ್. ಆಗ ಕೊಳ್ಳೇಗಾಲ ಸೇರಿ ಇಡೀ ಮದ್ರಾಸ್ ರಾಜ್ಯಕ್ಕೆ ಸರ್ಕಾರದ ನಾಲ್ಕು ಎಂಜಿನಿಯರಿಂಗ್ ಕಾಲೇಜು, ಒಟ್ಟು 395 ಸೀಟು. ಅದರಲ್ಲಿ ಹೊರರಾಜ್ಯದವರಿಗೆ 21. ಅಂದರೆ ಯಳಂದೂರಿನ ಹುಡುಗ ಗಿಂಡಿಯ ಕನಸು ಕಂಡರೆ ಅವನಿಗಿದ್ದದ್ದು ಹೊರಗಿನವರೆಲ್ಲರ ಜೊತೆ ಹಂಚಿಕೊಳ್ಳಬೇಕಾದ ಆ 21 ಮಾತ್ರ. ಉಳಿದವುಗಳಲ್ಲಿ ಪ್ರತಿ 14 ಸೀಟಿಗೆ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಕೋರ್ಟು ಈ ಹಂಚಿಕೆಯನ್ನು ರದ್ದು ಮಾಡಿತು. ಕೆಲವೇ ವಾರಗಳಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಬಂತು, ಹಿಂದುಳಿದವರಿಗೆ ವಿಶೇಷ ಅವಕಾಶ ಕಲ್ಪಿಸುವ 15(4)ನೇ ವಿಧಿ ಸೇರಿತು.

1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದ ಮೇಲೂ ಜಗಳ ನಿಲ್ಲಲಿಲ್ಲ. ಎಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಒಟ್ಟು ಶೇಕಡ 68ರಷ್ಟು ಸೀಟು ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟು 1962ರ ಸೆಪ್ಟೆಂಬರಿನಲ್ಲಿ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ, ತಳ್ಳಿಹಾಕಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಎಂದು ಇಂದಿಗೂ ಉಲ್ಲೇಖವಾಗುವ ಮಾತು ಅಲ್ಲಿಯದು. ಸರ್ಕಾರ ಹೊಸ ಸೂತ್ರ ತಂದಿತು: ಕುಟುಂಬದ ವರಮಾನ ವರ್ಷಕ್ಕೆ 1,200 ರೂಪಾಯಿ ಮೀರಬಾರದು, ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕರಕುಶಲ ಅಥವಾ ಮೈಮುರಿದು ದುಡಿಯುವ ಕೆಲಸವಾಗಿರಬೇಕು. ಕೊಳ್ಳೇಗಾಲದ ಬಡ ನೇಕಾರನ ಮಗ, ಹನೂರಿನ ಸಣ್ಣ ರೈತನ ಮಗ ಆ ಸಾಲುಗಳೊಳಗೆ ಬರುತ್ತಿದ್ದರು. ಜೊತೆಗೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡ 25ರಷ್ಟನ್ನು ಸಂದರ್ಶನಕ್ಕೆ ಇಟ್ಟರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಪಠ್ಯೇತರ ಚಟುವಟಿಕೆ ಇತ್ಯಾದಿಗಳ ಪರೀಕ್ಷೆ ಅದು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಕೋರ್ಟಿನ ಬಹುಮತದ ತೀರ್ಪು ಇದನ್ನು ಎತ್ತಿಹಿಡಿಯಿತು. ಒಂದು ಕೈಯಲ್ಲಿ ನೇಕಾರನ ಮಗನಿಗೆ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಅವನ 'ವ್ಯಕ್ತಿತ್ವ' ಅಳೆಯುವ ಏರ್ಪಾಡು.

ಆಮೇಲಿನ ದಶಕಗಳಲ್ಲಿ ಖಾಸಗಿ ಕಾಲೇಜುಗಳು ಸಾಲುಗಟ್ಟಿದವು, ಸೀಟಿಗೆ ನೇರವಾಗಿ ರೂಪಾಯಿಯಲ್ಲೇ ಬೆಲೆ ಬಂತು. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕರ್ನಾಟಕ 1984ರಲ್ಲಿ ಕಾಯ್ದೆ ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣ ಮೆಡಿಕಲ್ ಸೀಟಿನದ್ದಾದರೂ ಅದರ ಅಂಕಿಗಳು ಎಲ್ಲವನ್ನೂ ಹೇಳುತ್ತವೆ. ಒಂದೇ ತರಗತಿಯಲ್ಲಿ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. 1994ರಲ್ಲಿ ಸಿಇಟಿ ಬಂದಿತು. ಈಗ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಸೀಟು ಮೀಸಲಿವೆ. ಹನೂರಿನ ನನ್ನ ತಂಗಿಯ ಕೈಯಲ್ಲಿದ್ದ ಹಾಳೆಯಲ್ಲಿ ಈ ಚರಿತ್ರೆಯೆಲ್ಲ ಎರಡು ಮೂರು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಕೂತಿತ್ತು.

ಇಷ್ಟಾದರೂ ಚಿಕ್ಕಪ್ಪನ ಪ್ರಶ್ನೆ ಉಳಿಯುತ್ತದೆ. ಹೆಸರಿರುವ ಕಾಲೇಜಿನಲ್ಲಿ ಓದಿದವರ ಸಂಬಳ ಹೆಚ್ಚು ಎಂಬುದು ಕಣ್ಣಿಗೆ ಕಾಣುವ ಸತ್ಯ. ಆದರೆ ಹೆಚ್ಚಿಸಿದ್ದು ಕಾಲೇಜೋ, ಅಲ್ಲಿಗೆ ಸೇರಿದವರು ಮೊದಲೇ ಮುಂದಿದ್ದವರೋ? ಅಮೆರಿಕದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೆದಕಿತು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಪ್ರವೇಶ ಪಡೆದವರನ್ನು ಹೋಲಿಸಿದರು. ದೊಡ್ಡ ಹೆಸರಿನ ಕಡೆ ಹೋದವರಿಗೂ, ಅದನ್ನು ಬಿಟ್ಟು ಸಾಧಾರಣ ಕಾಲೇಜಿಗೆ ಹೋದವರಿಗೂ ಮುಂದೆ ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಅಪವಾದವಿತ್ತು: ಬಡ ಮನೆಗಳಿಂದ ಬಂದವರಿಗೆ ಹೆಸರು ಲಾಭ ತಂದಿತ್ತು.

ಭಾರತದ ಮಟ್ಟಿಗೆ, ಒಂದು ರಾಜ್ಯದ ಪದವಿ ಕಾಲೇಜುಗಳ ಬಗ್ಗೆ ಶೀತಲ್ ಸೇಖ್ರಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು. ಪ್ರತಿಷ್ಠಿತ ಸರ್ಕಾರಿ ಕಾಲೇಜಿಗೆ ಕೂದಲೆಳೆಯಲ್ಲಿ ಆಯ್ಕೆಯಾದವರಿಗೆ, ಕೂದಲೆಳೆಯಲ್ಲಿ ತಪ್ಪಿಸಿಕೊಂಡವರಿಗಿಂತ ಮುಂದೆ ಸಂಬಳ ಹೆಚ್ಚು. ಆದರೆ ಕೊನೆಯ ಪರೀಕ್ಷೆಯ ಅಂಕಗಳಲ್ಲಿ ಇಬ್ಬರಿಗೂ ವ್ಯತ್ಯಾಸವಿಲ್ಲ. ಕಲಿಕೆ ಒಂದೇ, ಹೆಸರಿಗೆ ಬೇರೆ ಬೆಲೆ. ಇನ್ನು ಎಂಜಿನಿಯರಿಂಗ್ ಕಾಲೇಜುಗಳ ಮೀಸಲಾತಿಯ ಬಗ್ಗೆ ಬರ್ಟ್ರಾಂಡ್, ಹನ್ನಾ, ಮುಲೈನಾಥನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಕಡಿಮೆ ಅಂಕ ಪಡೆದು ಮೀಸಲಾತಿಯಲ್ಲಿ ಸೀಟು ಪಡೆದವರ ಆದಾಯ ನಿಜವಾಗಿ ಏರಿತ್ತು; "ಸೀಟು ಕೊಟ್ಟರೂ ಉಪಯೋಗವಿಲ್ಲ" ಎಂಬ ಮಾತು ಸುಳ್ಳಾಯಿತು. ಸೀಟು ಕಳೆದುಕೊಂಡ ಮೇಲ್ಜಾತಿಯವರ ಆದಾಯದ ನಷ್ಟ ಅದಕ್ಕಿಂತ ದೊಡ್ಡದಿತ್ತು ಎಂಬುದನ್ನೂ ಆ ಲೇಖಕರು ದಾಖಲಿಸುತ್ತಾರೆ. ಒಂದು ಸೀಟಿಗೆ ಇಷ್ಟೊಂದು ಕೋರ್ಟು ಕಚೇರಿ ಯಾಕೆ ಎಂಬುದಕ್ಕೆ ಅದೇ ಉತ್ತರ.

ಇವನ್ನು ಓದಿ 'ಬಡವರಿಗೆ ಹೆಸರು ಬೇಕೇ ಬೇಕು' ಎಂದು ತೀರ್ಮಾನಿಸಿಬಿಡಬಹುದಿತ್ತು. ತಡೆದದ್ದು ಚಿಲಿ ದೇಶ. ಅಲ್ಲಿನ ಎರಡು ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಕಾನೂನು, ವಾಣಿಜ್ಯ, ಎಂಜಿನಿಯರಿಂಗ್ ವಿಭಾಗಗಳನ್ನು ಸೆತ್ ಝಿಮ್ಮರ್‌ಮನ್ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಪ್ರವೇಶ ಸಿಕ್ಕವರು ಕಂಪನಿಗಳ ತುದಿಯ ಕುರ್ಚಿಗೇರುವ ಸಾಧ್ಯತೆ ಬಹಳ ಹೆಚ್ಚುತ್ತಿತ್ತು, ಆದರೆ ಆ ಲಾಭ ಹೋದದ್ದು ದುಬಾರಿ ಖಾಸಗಿ ಶಾಲೆಗಳಲ್ಲಿ ಓದಿ ಬಂದ ಗಂಡುಮಕ್ಕಳಿಗೆ. ಅಂದರೆ ಮೊದಲ ನೌಕರಿಯ ಬಾಗಿಲು ತೆರೆಯಲು ಹೆಸರು ಸಾಕಾಗಬಹುದು. ಮೇಲಿನ ಮಹಡಿಗೆ ಹತ್ತಲು ಮನೆತನ, ಗೆಳೆಯರ ಬಳಗ, ಗಂಡಸುತನ ಇನ್ನೂ ಕೆಲಸ ಮಾಡುತ್ತವೆ.

ಮೈಸೂರಿನದೇ ಒಂದು ಉದಾಹರಣೆ ಎಲ್ಲರ ಬಾಯಲ್ಲಿದೆ. ನಾರಾಯಣಮೂರ್ತಿಯವರಿಗೆ ಐಐಟಿ ಸೇರುವ ಅವಕಾಶವಿದ್ದರೂ ಶಿಕ್ಷಕರಾಗಿದ್ದ ತಂದೆಗೆ ಖರ್ಚು ಭರಿಸಲಾಗದೆ ಮೈಸೂರಿನ ಎನ್.ಐ.ಇ.ಯಲ್ಲಿ ಓದಿದರು. 1967ರಲ್ಲಿ ಅಲ್ಲಿಂದ ಪದವಿ, 1969ರಲ್ಲಿ ಐಐಟಿ ಕಾನ್ಪುರದಿಂದ ಎಂ.ಟೆಕ್. 'ಕಾಲೇಜು ಯಾವುದಾದರೇನು, ಪ್ರತಿಭೆ ಮುಖ್ಯ' ಎನ್ನುವವರು ಮೊದಲರ್ಧ ಹೇಳುತ್ತಾರೆ, 'ಐಐಟಿಯೇ ಬೇಕು' ಎನ್ನುವವರು ಎರಡನೆಯರ್ಧ. ನನಗೆ ಇವೆರಡರ ನಡುವಿನ ಸಂಗತಿ ಮುಖ್ಯ: ಮನೆಯ ಹತ್ತಿರ, ಕೈಗೆಟಕುವ ಖರ್ಚಿನಲ್ಲಿ ಒಂದು ಒಳ್ಳೆಯ ಕಾಲೇಜು ಇತ್ತು.

ಮರುದಿನ ರಾತ್ರಿ ಹನೂರಿಗೆ ಫೋನ್ ಮಾಡಿದೆ. "ನಿಜ ಚಿಕ್ಕಪ್ಪ, ಹೆಸರಿಗೆ ಬೆಲೆ ಇದೆ. ನಮ್ಮಂಥವರಿಗೆ ಇನ್ನೂ ಜಾಸ್ತಿನೇ ಇದೆ, ನಮ್ಮನ್ನ ಕರೆದು ಕೆಲಸ ಕೊಡೋಕೆ ಬೇರೆ ಯಾರೂ ಇಲ್ವಲ್ಲ. ಆದ್ರೆ ಆ ಬೆಲೆ ಇರೋದು ಹೆಸರುವಾಸಿ ಕಾಲೇಜಿನ ಸಿಇಟಿ ಸೀಟಿಗೆ. ಪಟ್ಟೀಲಿ ಅವನ್ನೇ ಮೇಲೆ ಹಾಕ್ಲಿ, ಹಾಕೋಕೆ ಕಾಸು ಬೇಕಾಗಿಲ್ಲ. ಆಮೇಲೆ ಮೈಸೂರು. ಅದಾದ್ಮೇಲೆ ಚಾಮರಾಜನಗರದ ಸರ್ಕಾರಿ ಕಾಲೇಜು. ಬೆಂಗಳೂರು ಅನ್ನೋ ಊರಿನ ಹೆಸರೊಂದೇ ಇರೋ ಕಾಲೇಜು ಬ್ಯಾಡ. ತೋಟ ಇಟ್ಟು ಮ್ಯಾನೇಜ್ಮೆಂಟ್ ಸೀಟು ಅಂತೂ ಬ್ಯಾಡವೇ ಬ್ಯಾಡ."

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಾಮರಾಜನಗರದ್ದು ಸರ್ಕಾರದ್ದೇ ಅಲ್ವ, ಅದ್ಕ್ಯಾಕೆ ಹೆಸರಿಲ್ಲ?" ಎಂದರು. ನಾನು ಓದಿದ್ದ ಅಧ್ಯಯನಗಳಲ್ಲಿ ಯಾವುದೂ ಇಷ್ಟು ನೇರವಾಗಿ ಕೇಳಿರಲಿಲ್ಲ. 2007ರಲ್ಲಿ ಜಿಲ್ಲಾ ಕೇಂದ್ರದಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜು ಕೊಟ್ಟ ಸರ್ಕಾರ, 1917ರ ಮೈಸೂರಿನ ಹಾಗೆ ಅಲ್ಲಿ ಓದಿದವರು ಹೋಗಿ ಸೇರಲು ಒಂದು ಜಾಗವನ್ನೂ ಯೋಚಿಸಬೇಕಿತ್ತಲ್ಲವೆ? ಯುವಿಸಿಇಗೆ ಐಐಟಿ ಮಾದರಿಯ ಸ್ವಾಯತ್ತತೆ ಕೊಡಲು 2021ರಲ್ಲಿ ಕಾಯ್ದೆಯೇ ಬಂತು. ಇದ್ದ ಹೆಸರನ್ನು ಇನ್ನಷ್ಟು ದೊಡ್ಡದು ಮಾಡುವುದು ಸರಿಯೇ. ಇಲ್ಲದ ಕಡೆ ಹೆಸರು ಕಟ್ಟುವುದು ಬೇರೆಯದೇ ಕೆಲಸ, ಅದನ್ನು ನಮ್ಮ ನಾಡು ಒಮ್ಮೆ ಮಾಡಿ ತೋರಿಸಿದೆ.

ತಂಗಿಗೆ ಗ್ರಾಮೀಣ ಕೋಟಾದಲ್ಲಿ ಮೈಸೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು, ಪಟ್ಟಿಯಲ್ಲಿ ಅವಳ ನಾಲ್ಕನೇ ಆಯ್ಕೆ. ಎರಡು ಎಕರೆ ಹಿಪ್ಪುನೇರಳೆ ಹಾಗೇ ಇದೆ. ಮೊನ್ನೆ ಫೋನ್ ಮಾಡಿದ್ದಳು. ಅವಳ ಹಾಸ್ಟೆಲಿನಲ್ಲಿ ಈಗಲೇ ಚರ್ಚೆ ಶುರುವಾಗಿದೆಯಂತೆ: ನಮ್ಮ ಕಾಲೇಜಿಗೆ ಯಾವ ಯಾವ ಕಂಪನಿ ಬರುತ್ತೆ, ಯಾವುದು ಬರಲ್ಲ.